ರಾಣಿಯಮ್ಮನ ದನಿ ಕದ್ದವರು

ಕನ್ನಡಕದಂಗಡಿಗೆ ಒದ್ದೆ ಕಣ್ಣಲ್ಲಿ ಬರುವವರು ಅಪರೂಪವೇನಲ್ಲ. ಕಣ್ಣಿಗೆ ಔಷಧಿ ಬಿಡಿಸಿಕೊಂಡವರು, ಹೊಸ ಫ್ರೇಮು ಮೂಗಿನ ಮೇಲೆ ಕೂರದೆ ರೇಗಿದವರು, ಎಲ್ಲರೂ ಅಲ್ಲಿ ಒಂದಿಷ್ಟು ನೀರು ಸುರಿಸಿಯೇ ಹೋಗುತ್ತಾರೆ. ಹಾಗಾಗಿ ಆ ಬೆಳಿಗ್ಗೆ ನಾಟಕ ತಂಡದ ಗಿಣಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಾಗ, ಅಂಗಡಿಯ ಒಡತಿ ಕನ್ನಡಕದಕ್ಕ ಅಭ್ಯಾಸಬಲದಿಂದ ಅವಳನ್ನು ಅಕ್ಷರದ ಹಲಗೆಯ ಎದುರು ಕೂರಿಸಿಬಿಟ್ಟಳು.

"ಕಣ್ಣು ಸರಿ ಇದೆ ಅಕ್ಕ," ಅಂದಳು ಗಿಣಿ. "ನಾನು ನಿಮ್ಮ ದೊಡ್ಡಮ್ಮನ್ನ ನೋಡ್ಬೇಕು."

ದೊಡ್ಡಮ್ಮ ಎಂದರೆ ಅಕ್ಕನ ತಾಯಿಯ ಒಡಹುಟ್ಟಿದವರು. ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿ ದುಡಿದು ನಿವೃತ್ತರಾಗಿ, ಅಂಗಡಿಯ ಮೇಲಿನ ಕೋಣೆಗಳಲ್ಲಿ ವಾಸವಾಗಿದ್ದರು. ಕಳ್ಳರು, ಸುಳ್ಳರು, ವಕೀಲರು ಆಡಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಂಡು ಬಂದವರಿಗೆ, ಯಾರ ಮಾತಿನಲ್ಲಿ ಎಲ್ಲಿ ತೂತಿದೆ ಎಂಬುದು ಥಟ್ಟನೆ ತಿಳಿಯುತ್ತಿತ್ತು. ಬೀದಿಯವರು ಏನಾದರೂ ಕಾಣೆಯಾದರೆ ಪೊಲೀಸ್ ಠಾಣೆಗಿಂತ ಮೊದಲು ಈ ಮೆಟ್ಟಿಲು ಹತ್ತುತ್ತಿದ್ದರು. ಅಕ್ಕ ಆ ಪ್ರಕರಣಗಳಲ್ಲೆಲ್ಲ ಜೊತೆಗಿದ್ದಳು. ತನ್ನ ಪಾಲಿನ ಕೆಲಸ ಏನೆಂದು ಅವಳಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಚೀಲ ಹಿಡಿಯುವುದು ಮತ್ತು ಬೈಸಿಕೊಳ್ಳುವುದು ಎಂದು ಅವಳ ಅಂದಾಜು.

ಮೇಲೆ ಹೋಗಿ ಒಂದು ಲೋಟ ನೀರು ಕುಡಿದ ಮೇಲೆ ಗಿಣಿಯ ಮಾತು ಹದಕ್ಕೆ ಬಂತು. ತಂಡದ ಹಿರಿಯ ನಟಿಯನ್ನು ಊರೆಲ್ಲ ರಾಣಿಯಮ್ಮ ಎನ್ನುತ್ತಿತ್ತು, ಏಕೆಂದರೆ ರಾಣಿಯ ಪಾತ್ರವೆಂದರೆ ಅವರೇ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ದನಿ ಹೋಗಿತ್ತು. ಉಳಿದದ್ದು ಹತ್ತಿರ ಕಿವಿಯಿಟ್ಟರೆ ಮಾತ್ರ ಕೇಳುವ ಉಸಿರಿನಂಥ ಪಿಸುಮಾತು. ಮರುದಿನ ಸಂಜೆ ಅವರ ಗೌರವಕ್ಕೆ ಒಂದು ಸಮಾರಂಭವಿತ್ತು. ಅವರ ಕೊನೆಯ ಪ್ರದರ್ಶನದ ವಿಡಿಯೋವನ್ನು ಅಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವುದೆಂದು ನಿಶ್ಚಯವಾಗಿತ್ತು. ಅವರ ದನಿ ಚೊಕ್ಕವಾಗಿ ಸೆರೆಯಾಗಿದ್ದುದು ಅದೊಂದರಲ್ಲೇ. ಹಳೆಯ ಕ್ಯಾಸೆಟ್ಟುಗಳಲ್ಲಿ ಇದ್ದದ್ದೆಲ್ಲ ಬರೀ ಗೊರಗೊರ ಸದ್ದು.

ಆದರೆ ಆ ಫೈಲು ಗಜಗಾತ್ರದ್ದು. ಸಭಾಂಗಣದ ಹಳೆಯ ಯಂತ್ರ ಅದನ್ನು ಹಾಕಿದರೆ ತೊದಲುತ್ತ ನಿಂತುಬಿಡುತ್ತಿತ್ತು. ಅದನ್ನು ಚಿಕ್ಕದು ಮಾಡುವ ಹೊಣೆಯನ್ನು ಗಿಣಿ ಹೊತ್ತಿದ್ದಳು. ರಾಣಿಯಮ್ಮ ಬಿಟ್ಟ ಪಾತ್ರಗಳನ್ನು ಈಗ ಮಾಡುತ್ತಿದ್ದವಳು ಅವಳೇ. ಅವರ ಮಾತಿನ ಏರಿಳಿತವನ್ನು ಕೇಳಿ ಕೇಳಿ ಹಾಗೇ ಒಪ್ಪಿಸುತ್ತಾಳೆಂದು ಗಿಣಿ ಎಂಬ ಹೆಸರು ಬಿದ್ದಿತ್ತು.

"ದುಡ್ಡು ಕೊಡ್ಬೇಕಾಗಿಲ್ಲದ ಒಂದು ಸಾಫ್ಟ್‌ವೇರ್ ಇದೆ ಅಮ್ಮ," ಅಂದಳು. "ನಿಜವಾದ ಕೆಲಸ ಮಾಡೋ ಪ್ರೋಗ್ರಾಮ್ ಹಿಂದುಗಡೆ ಇರುತ್ತೆ. ಅದಕ್ಕೆ ಮುಖ ಇಲ್ಲ. ಇದು ಅದರ ಮುಂದಿನ ಮುಖ ಇದ್ದಂಗೆ. ನಾವು ಯಾವ ಗುಂಡಿ ಒತ್ತಿದ್ವಿ ಅಂತ ಹಿಂದಿನದಕ್ಕೆ ಹೇಳುತ್ತೆ, ಅಷ್ಟೆ."

"ಪರದೆ ಮುಂದೆ ಒಬ್ರು, ಹಿಂದೆ ಒಬ್ರು. ಸರಿ, ಮುಂದೆ ಹೇಳು," ಅಂದರು ದೊಡ್ಡಮ್ಮ.

ಆ ವಿಡಿಯೋದಲ್ಲಿ ಎರಡು ಆಡಿಯೋ ಟ್ರ್ಯಾಕ್ ಇದ್ದವಂತೆ. ಒಂದನೆಯದು ಹಿಂದಿನ ಸಾಲಿನಲ್ಲಿಟ್ಟ ಕ್ಯಾಮರಾ ಕೇಳಿಸಿಕೊಂಡದ್ದು: ಫ್ಯಾನಿನ ಸದ್ದು, ಕೆಮ್ಮು, ಕುರ್ಚಿ ಎಳೆದಾಟ. ಎರಡನೆಯದು ರಂಗದ ಬಳಿ ಕಟ್ಟಿದ್ದ ಮೈಕಿನದು. ರಾಣಿಯಮ್ಮನ ದನಿ ಇದ್ದದ್ದು ಅದರಲ್ಲಿ. ಸುಮ್ಮನೆ ಫೈಲು ತೆರೆದು ಸ್ಟಾರ್ಟ್ ಒತ್ತಿದರೆ ಸಾಫ್ಟ್‌ವೇರ್ ಒಂದನೆಯ ಟ್ರ್ಯಾಕನ್ನಷ್ಟೇ ಇಟ್ಟುಕೊಳ್ಳುತ್ತದೆ, ಎರಡನೆಯದನ್ನು ನಾವೇ ಸೇರಿಸಬೇಕು. ಅಷ್ಟೇ ಅಲ್ಲ, ಚಿತ್ರದ ಅಂಚಿನಲ್ಲಿ ಕಪ್ಪು ಕಂಡರೆ ಅದು ಬೇಡದ ಪಟ್ಟಿ ಎಂದುಕೊಂಡು ತಾನಾಗಿ ಕತ್ತರಿಸಿಬಿಡುತ್ತದೆ. ನಾಟಕದ ರಂಗಕ್ಕೆ ಕಪ್ಪು ಪರದೆ ಕಟ್ಟುವವರಿಗೆ ಇದು ದೊಡ್ಡ ತಲೆನೋವು. ಹಿಂದೊಮ್ಮೆ ಬೇರೆ ನಾಟಕದಲ್ಲಿ ಅಂಚಿನ ಕತ್ತಲಲ್ಲಿ ನಿಂತ ಕಾವಲುಗಾರನೇ ಕತ್ತರಿಗೆ ಸಿಕ್ಕಿ ಮಾಯವಾಗಿದ್ದ. ಬರೀ ಅವನ ಭರ್ಜಿ ಉಳಿದಿತ್ತು. ಆವತ್ತಿನಿಂದ ಗಿಣಿ ಕತ್ತರಿಸುವುದನ್ನು ನಿಲ್ಲಿಸದೆ ಯಾವ ಫೈಲನ್ನೂ ಮುಟ್ಟುತ್ತಿರಲಿಲ್ಲ.

ಈ ಸಲವೂ ಹಾಗೇ ಮಾಡಿದ್ದಳು. ಎರಡೂ ಟ್ರ್ಯಾಕ್ ಸೇರಿಸಿ, ಕತ್ತರಿ ನಿಲ್ಲಿಸಿ, ಮಾತಿಗೆ ಮೊದಲು ಬರುವ ಹಾಡನ್ನಷ್ಟೇ ಕೇಳಿ ನೋಡಿ, ಕೆಲಸವನ್ನು ಸರದಿಗೆ ಹಾಕಿ ತಾಲೀಮಿಗೆ ಹೋಗಿದ್ದಳು. ಯಂತ್ರ ತನ್ನ ಪಾಡಿಗೆ ಅರೆಯುತ್ತ ಕೂತಿತ್ತು. ನಿನ್ನೆ ಎಲ್ಲರೆದುರು ಹಾಕಿ ನೋಡಿದರೆ ಬರೀ ಕೆಮ್ಮು, ಬರೀ ಫ್ಯಾನು. ರಾಣಿಯಮ್ಮ ಬಾಯಿ ಆಡಿಸುತ್ತಿದ್ದರು, ಮಾತು ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. ಮೂಲ ಫೈಲು ಕಂಪ್ಯೂಟರಿನಿಂದಲೇ ಮಾಯ. ಕ್ಯಾಮರಾದ ಕಾರ್ಡನ್ನು ಎಂದೋ ಅಳಿಸಿ ಬೇರೆ ಕೆಲಸಕ್ಕೆ ಬಳಸಿಯಾಗಿತ್ತು.

ತಂಡದ ನಿರ್ದೇಶಕರಾದ ಮೇಷ್ಟ್ರು ಅಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದರು: ಹೋಲಿಕೆ ಆಗಬಾರದೆಂದು ಗಿಣಿಯೇ ಹೊಟ್ಟೆಕಿಚ್ಚಿಗೆ ಹೀಗೆ ಮಾಡಿದ್ದಾಳೆ.

"ಸಮಾರಂಭ ಆದ್ಮೇಲೆ ತಂಡಕ್ಕೆ ಬರ್ಬೇಡ ಅಂದಿದಾರೆ," ಅಂದಳು ಗಿಣಿ. "ಅದನ್ನ ಹೇಗೋ ತಡ್ಕೋತೀನಿ. ರಾಣಿಯಮ್ಮ ನನ್ನ ಮುಖ ನೋಡದೆ ಎದ್ದು ಹೋದ್ರು. ಅದನ್ನ ತಡ್ಕೊಳಕ್ಕೆ ಆಗ್ತಿಲ್ಲ."

ದೊಡ್ಡಮ್ಮ ಎಲ್ಲವನ್ನೂ ಇನ್ನೊಂದು ಸಲ ಮೊದಲಿನಿಂದ ಹೇಳಿಸಿದರು. ಅದು ಅವರ ಪದ್ಧತಿ. ಸುಳ್ಳು ಎರಡನೆಯ ಸಲಕ್ಕೆ ನುಣುಪಾಗುತ್ತದೆ, ನಿಜ ಮೊದಲ ಸಲದಷ್ಟೇ ಒರಟಾಗಿರುತ್ತದೆ ಎನ್ನುತ್ತಿದ್ದರು. ಗಿಣಿ ಎರಡನೆಯ ಸಲವೂ ಅದೇ ಜಾಗಗಳಲ್ಲಿ ಎಡವಿದಳು, ಅದೇ ಜಾಗದಲ್ಲಿ ಅತ್ತಳು. ಆಮೇಲೆ ದೊಡ್ಡಮ್ಮ, ಆ ಕೋಣೆಯ ಕೀಲಿಕೈ ಯಾರ ಬಳಿ ಇರುತ್ತದೆ, ಕಂಪ್ಯೂಟರ್ ಯಾರು ಯಾರು ಮುಟ್ಟುತ್ತಾರೆ ಎಂದು ಕೇಳಿದರು.

ಕೀಲಿಕೈ ಇದ್ದದ್ದು ನಾಲ್ವರ ಬಳಿ. ಗಿಣಿ ಒಬ್ಬಳು. ಇನ್ನೊಬ್ಬ ದೀಪ, ಮೈಕು ನೋಡಿಕೊಳ್ಳುವ ವೈರಣ್ಣ. ಈ ಸಾಫ್ಟ್‌ವೇರನ್ನು ಅವಳಿಗೆ ಕಲಿಸಿದವನು, ಕತ್ತರಿಯ ವಿಷಯದಲ್ಲಿ ಅವಳಿಗೆ ಪಾಠ ಹೇಳಿದವನು. ಮೂರನೆಯವರು ಮೇಷ್ಟ್ರು, ಅವರಿಗೆ ಕಂಪ್ಯೂಟರ್ ಆನ್ ಮಾಡಲೂ ಬಾರದು. ನಾಲ್ಕನೆಯವರು ರಾಣಿಯಮ್ಮನ ಗಂಡ. ಮದುವೆಯಾದಾಗಿನಿಂದ ಪರದೆಯ ಪಕ್ಕದ ಕುರ್ಚಿಯಲ್ಲಿ ಕೂತು, ಮಾತು ಮರೆತ ನಟರಿಗೆ ಸಾಲನ್ನು ಪಿಸುಗುಟ್ಟಿ ನೆನಪಿಸುತ್ತ ಬಂದವರು. ಹಾಗಾಗಿ ಎಲ್ಲರಿಗೂ ಅವರು ಪಿಸುಮಾಮ. ತಂಡದ ಹಳೆಯ ವಿಡಿಯೋಗಳನ್ನು ಒಂದೊಂದಾಗಿ ಚಿಕ್ಕದು ಮಾಡಿ ಜೋಡಿಸಿಡುವುದು ಈಗ ಅವರ ಹೊತ್ತು ಕಳೆಯುವ ಕೆಲಸ. ತೆರೆಯಿರಿ, ಸ್ಟಾರ್ಟ್ ಒತ್ತಿ, ಸುಮ್ಮನಿರಿ ಎಂದು ಗಿಣಿಯೇ ಅವರಿಗೆ ಹೇಳಿಕೊಟ್ಟಿದ್ದಳು.

"ಪಾಪ, ಅವ್ರು ನನ್ನ ಪರ ಎಷ್ಟು ಹೇಳಿದ್ರು. ಅವಳನ್ನ ಬೈಬೇಡಿ, ಯಂತ್ರದ ತಪ್ಪಿರಬಹುದು ಅಂತ ಮೇಷ್ಟ್ರ ಹತ್ರ ಗೋಗರೆದ್ರು," ಅಂದಳು.

ಅಕ್ಕ ಅಂಗಡಿಗೆ ಬೀಗ ಹಾಕಿದಳು. ಮೂವರೂ ತಾಲೀಮಿನ ಕೋಣೆಗೆ ಹೋದರು.

ಅದು ಉದ್ದನೆಯ ಕೋಣೆ. ಒಂದು ಮೂಲೆಯಲ್ಲಿ ರಟ್ಟಿನ ಕಿರೀಟಗಳು, ಮರದ ಕತ್ತಿಗಳು. ಇನ್ನೊಂದರಲ್ಲಿ ಮೇಜು, ಕಂಪ್ಯೂಟರ್. ಮೇಷ್ಟ್ರು ಮುಖ ಗಂಟು ಹಾಕಿಕೊಂಡು ಬಂದು, ಇದು ತಂಡದ ಒಳಗಿನ ವಿಷಯ, ಹೊರಗಿನವರಿಗೆ ಇಲ್ಲೇನು ಕೆಲಸ ಅಂದರು. ದೊಡ್ಡಮ್ಮ ನಸುನಕ್ಕು, ನಾನು ಕೆಲಸಕ್ಕೆ ಬಂದಿಲ್ಲ, ಕೂತು ನಾಟಕ ನೋಡಲು ಬಂದಿದ್ದೇನೆ ಅಂದರು. ಈಚೆಗೆ ನಾಟಕಕ್ಕೆ ಯಾರೂ ಬರುತ್ತಲೇ ಇರಲಿಲ್ಲ; ಹಾಗಾಗಿ ಟಿಕೆಟ್ ಇಲ್ಲದೆ ನೋಡಲು ಬಂದವರಿಗೂ ಮೇಷ್ಟ್ರು ಕುರ್ಚಿ ಎಳೆದುಕೊಟ್ಟರು.

ಗೋಡೆಯ ಮೇಲೆ ವಿಡಿಯೋ ಓಡಿತು. ಒಂದು ಸಿಂಹಾಸನ, ಅದರ ಮುಂದೆ ರಾಣಿಯಮ್ಮ. ಸೆಟೆದ ಕತ್ತು, ಹುಬ್ಬಿನಲ್ಲೇ ಅಪ್ಪಣೆ. ಮಾತು ಕೇಳದಿದ್ದರೂ ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಗಿಣಿ ಗೋಡೆ ನೋಡಲಾರದೆ ತಲೆ ತಗ್ಗಿಸಿದ್ದಳು. ಕೊನೆಯಲ್ಲಿ ರಾಣಿ ಕಿರೀಟ ಕೆಳಗಿಟ್ಟು ಎಡಗಡೆಯ ಕತ್ತಲಿಗೆ ನಡೆದು ಹೋದಳು.

"ಹೇಗಿತ್ತೇ?" ಅಂದರು ದೊಡ್ಡಮ್ಮ.

ಅಕ್ಕ ಸಂಕೋಚದಿಂದ, ತುಂಬ ಚೆನ್ನಾಗಿತ್ತು, ಆದರೆ ಚಿತ್ರ ಒಂದು ಪಕ್ಕಕ್ಕೆ ಜಾರಿದ ಹಾಗಿದೆ ಅಂದಳು. ಸಿಂಹಾಸನ ನಟ್ಟನಡುವೆ ಇರಬೇಕಾದದ್ದು ಎಡಕ್ಕೆ ಸರಿದಿದೆ. ಕನ್ನಡಕದ ಗಾಜನ್ನು ಹೀಗೆ ಕೂರಿಸಿಕೊಟ್ಟರೆ ಗಿರಾಕಿಗಳು ತಲೆನೋವೆಂದು ಜಗಳಕ್ಕೆ ಬರುತ್ತಾರೆ ಅಂದಳು. ಇಂಥ ಹೊತ್ತಲ್ಲೂ ಅಂಗಡಿಯದೇ ಧ್ಯಾನವೇ ಎಂದು ದೊಡ್ಡಮ್ಮ ಗದರಿದರು. ಗದರಿದವರೇ ಎದ್ದು ಹೋಗಿ ಗೋಡೆಯ ಎಡ ಅಂಚನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ ಬಂದರು.

ವೈರಣ್ಣ ತಂತಿಯ ಸುರುಳಿ ಹೆಗಲಿಗೇರಿಸಿಕೊಂಡು ಬಂದ. ಆ ದಿನ ಮೈಕು ಎಲ್ಲಿ ಕಟ್ಟಿದ್ದೆ ಎಂದು ಕೇಳಿದ್ದಕ್ಕೆ, ಹಳೆಯ ಗಾಯ ಕೆದಕಿದಂತೆ ಅವನ ಮುಖ ಹುಳ್ಳಗಾಯಿತು. ನಾನು ಸಿಂಹಾಸನದ ಹಿಂದೆ ಅಡಗಿಸಿ ಕಟ್ಟಬೇಕೆಂದಿದ್ದೆ. ರಾಣಿಯಮ್ಮ ಬಿಲ್ಕುಲ್ ಒಪ್ಪಲಿಲ್ಲ ಅಂದ.

"ಎಡಗಡೆ ಕಂಬಕ್ಕೇ ಕಟ್ಟು ಅಂತ ಹಠ ಹಿಡಿದ್ರು. ಪಿಸುಮಾಮನ ಕುರ್ಚಿ ಪಕ್ಕದ ಕಂಬ. ಅಲ್ಲಿಂದ ದನಿ ಚೆನ್ನಾಗಿ ಸಿಗಲ್ಲ ಅಂದೆ. ನನಗೆ ಹೇಳಿಕೊಡ್ಬೇಡ ಅಂತ ಎಲ್ರ ಮುಂದೆ ಬೈದ್ರು. ಒಂದು ವಾರ ನಾನು ಅವ್ರ ಜೊತೆ ಮಾತಾಡ್ಲಿಲ್ಲ."

ಇದನ್ನು ಕೇಳಿ ಅಕ್ಕನ ಕಿವಿ ನೆಟ್ಟಗಾಯಿತು. ಜಗಳ, ಕೋಪ, ಕಂಪ್ಯೂಟರಿನಲ್ಲಿ ಎತ್ತಿದ ಕೈ. ಕಳ್ಳ ಸಿಕ್ಕಿದ ಎಂದು ಅವಳು ಮನಸ್ಸಿನಲ್ಲೇ ಅವನ ಕೈಗೆ ಕೋಳ ತೊಡಿಸಿದಳು. ಗಿಣಿಯನ್ನು ಅಲ್ಲೇ ಬಿಟ್ಟು ಇಬ್ಬರೂ ರಾಣಿಯಮ್ಮನ ಮನೆಗೆ ಹೊರಟರು. ದಾರಿಯಲ್ಲಿ ಅದನ್ನೇ ದೊಡ್ಡಮ್ಮನ ಕಿವಿಗೆ ಹಾಕಿದಾಗ ಅವರು, ನೀನು ಕೋಳ ತೊಡಿಸಿದವರ ಕೈ ಬಿಡಿಸುವುದೇ ನನಗೊಂದು ಕೆಲಸವಾಗಿದೆ ಅಂದರು.

ರಾಣಿಯಮ್ಮನ ಮನೆ ಎರಡು ಬೀದಿ ಆಚೆ. ಪಿಸುಮಾಮ ಬಾಗಿಲು ತೆರೆದರು. ತೆಳ್ಳನೆಯ ಮನುಷ್ಯ, ಹೆಜ್ಜೆಯೂ ಪಿಸುಗುಟ್ಟುವಂತೆ ನಡೆಯುತ್ತಿದ್ದರು. ಬಂದವರು ಯಾರೆಂದು ನೋಡಲು ಅಂಗಿಯ ಜೇಬಿನಿಂದ ಬರಿಯ ಕನ್ನಡಕ ತೆಗೆದು, ಅಂಗಿಯ ತುದಿಯಿಂದಲೇ ಒರೆಸಿ ಹಾಕಿಕೊಂಡರು. ಅಕ್ಕ ಬಗ್ಗಿ ಗಾಜನ್ನೇ ನೋಡಿದಳು. ಕಳೆದ ತಿಂಗಳು ತಾನೇ ಮಾಡಿಕೊಟ್ಟ ಕನ್ನಡಕ ಅದು. ಗಟ್ಟಿ ಡಬ್ಬಿಯಲ್ಲಿಟ್ಟು ಒರೆಸುವ ಬಟ್ಟೆಯನ್ನೂ ಕೊಟ್ಟಿದ್ದಳು. ಈಗ ಗಾಜಿನ ತುಂಬ ಹೊಸ ಗೀರುಗಳು.

"ಡಬ್ಬಿ ಏನಾಯ್ತು ಮಾಮ?" ಅಂದಳು.

"ಇದೆಯಮ್ಮ, ಎಲ್ಲೋ ಇಟ್ಟಿದೀನಿ," ಅಂದರು ಪಿಸುಮಾಮ. ಡಬ್ಬಿಯಿಲ್ಲದೆ ಕನ್ನಡಕ ಇಟ್ಟುಕೊಳ್ಳುವವರಿಗೆ ಅಕ್ಕ ಹೇಳುವ ಉದ್ದನೆಯ ಉಪದೇಶವನ್ನು ಅವರು ತಲೆಬಾಗಿ ಪೂರ್ತಿ ಕೇಳಿಸಿಕೊಂಡರು.

ರಾಣಿಯಮ್ಮ ಕಿಟಕಿಯ ಬಳಿ ಕೂತಿದ್ದರು. ಕೊರಳಿಗೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಅವರು ಏನಾದರೂ ಹೇಳಬೇಕಾದರೆ ಪಿಸುಮಾಮ ಕಿವಿಯನ್ನು ಅವರ ಬಾಯಿಯ ಹತ್ತಿರ ತಂದು, ಆಮೇಲೆ ಜೋರಾಗಿ ಹೇಳುತ್ತಿದ್ದರು. ಜೀವಮಾನವೆಲ್ಲ ಬೇರೆಯವರ ಮಾತನ್ನು ಮೆಲ್ಲಗೆ ಹೇಳಿದವರು ಈಗ ಒಬ್ಬರ ಮಾತನ್ನು ದೊಡ್ಡದಾಗಿ ಹೇಳಬೇಕಾಗಿತ್ತು. ಕುಶಲದ ಮಾತುಗಳಾದ ಮೇಲೆ ದೊಡ್ಡಮ್ಮ ಒಂದೇ ಪ್ರಶ್ನೆ ಕೇಳಿದರು.

"ಆ ವಿಡಿಯೋದಲ್ಲಿ ನೀವು ಕೇಳ್ಬೇಕು ಅಂತಿದ್ದಿದ್ದು ಏನು?"

ರಾಣಿಯಮ್ಮ ಬಹಳ ಹೊತ್ತು ತುಟಿ ಆಡಿಸಿದರು. ನಡುನಡುವೆ ಉಸಿರಿಗೆ ನಿಂತರು. ಕಣ್ಣು ತುಂಬಿ ಬಂತು. ಪಿಸುಮಾಮ ನೆಟ್ಟಗಾಗಿ, "ಏನಿಲ್ಲ, ಹೋಗ್ಲಿ ಬಿಡಿ ಅಂತಿದಾಳೆ," ಅಂದರು. ರಾಣಿಯಮ್ಮ ಗಂಡನ ಕಡೆ ಒಮ್ಮೆ ನೋಡಿ, ಮುಖ ಕಿಟಕಿಗೆ ತಿರುಗಿಸಿದರು.

ಹೊರಗೆ ಬಂದ ಮೇಲೆ ದೊಡ್ಡಮ್ಮ ಬೀದಿಯ ತುದಿಯ ತನಕ ಬಿರಬಿರನೆ ನಡೆದರು. ಆಮೇಲೆ, ಕೋರ್ಟಿನಲ್ಲಿ ಬೇರೆ ಭಾಷೆಯ ಸಾಕ್ಷಿಗಳು ಬಂದಾಗ ದುಭಾಷಿ ಇರುತ್ತಿದ್ದ, ಸಾಕ್ಷಿ ಅಷ್ಟುದ್ದ ಹೇಳಿ ದುಭಾಷಿ ಇಷ್ಟೇ ಹೇಳಿದರೆ ನಾನು ಪೆನ್ನು ಕೆಳಗಿಟ್ಟು ನ್ಯಾಯಾಧೀಶರ ಮುಖ ನೋಡುತ್ತಿದ್ದೆ ಅಂದರು. ಆ ಸಂಜೆ ಅವರು ಅಕ್ಕನಿಂದ ಅವಳು ಕಂಡದ್ದನ್ನೆಲ್ಲ ಎರಡು ಸಲ ಹೇಳಿಸಿದರು. ಜಾರಿದ ಚಿತ್ರ, ಗೀರು ಬಿದ್ದ ಗಾಜು. ಎರಡನೆಯ ಸಲ ಹೇಳುವಾಗ ಅಕ್ಕನಿಗೆ ತನ್ನ ಮಾತು ತೀರ ಪೆದ್ದಾಗಿ ಕೇಳಿಸಿತು. ದೊಡ್ಡಮ್ಮ ಮಾತ್ರ ಅವಳ ಕೆನ್ನೆ ತಟ್ಟಿ, ಊಟ ಮಾಡು ನಡಿ ಅಂದರು. ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ಬೇಸರವಿತ್ತು.

ಮರುದಿನ ಬೆಳಿಗ್ಗೆ ತಾಲೀಮಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ದೊಡ್ಡಮ್ಮ ಕುರ್ಚಿಗಳನ್ನು ತಾವೇ ಜೋಡಿಸಿದ್ದರು. ರಾಣಿಯಮ್ಮನ ಪಕ್ಕ ಗಿಣಿಯನ್ನು ಕೂರಿಸಿ, ಪಿಸುಮಾಮನನ್ನು ಎದುರಿಗೆ ಕೂರಿಸಿದರು. ಮೇಷ್ಟ್ರು ಗೊಣಗಿದರು. ಗಿಣಿ ಮೈ ಹಿಡಿ ಮಾಡಿಕೊಂಡು ಕುರ್ಚಿಯ ತುದಿಗೆ ಕೂತಳು. ರಾಣಿಯಮ್ಮ ಅವಳ ಕಡೆ ನೋಡಲಿಲ್ಲ.

ದೊಡ್ಡಮ್ಮ ವಿಡಿಯೋದ ಕೊನೆಯ ಭಾಗ ಹಾಕಿಸಿದರು. ರಾಣಿ ಕಿರೀಟವಿಟ್ಟು ಎಡಕ್ಕೆ ನಡೆದಳು, ಮಾಯವಾದಳು. ಎಲ್ಲಿ ತನಕ ನಡೆಯುತ್ತಿದ್ದಿರಿ ಎಂದು ರಾಣಿಯಮ್ಮನನ್ನು ಕೇಳಿದರು. ಕಪ್ಪು ಪರದೆಯನ್ನು ಕೈಯಿಂದ ಸರಿಸಿ ಒಳಗೆ ಹೋಗುತ್ತಿದ್ದೆ ಎಂದು ಅವರು ಕೈಯಲ್ಲೇ ತೋರಿಸಿದರು. ವಿಡಿಯೋದಲ್ಲಿ ಆ ಪರದೆಯೇ ಇರಲಿಲ್ಲ.

"ಕನ್ನಡಕ ಮಾರೋ ನನ್ನ ಮಗಳು ನಿನ್ನೆ ಇದನ್ನ ಹಿಡಿದಳು, ಹಿಡಿದದ್ದು ಅವಳಿಗೇ ಗೊತ್ತಾಗ್ಲಿಲ್ಲ," ಅಂದರು ದೊಡ್ಡಮ್ಮ. "ಸಿಂಹಾಸನ ಎಡಕ್ಕೆ ಜಾರಿದೆ ಅಂದ್ಳು. ಜಾರಿಲ್ಲ. ಎಡಗಡೆ ಅಂಚು ಕತ್ತರಿಸಿ ಹೋಗಿದೆ, ಅದಕ್ಕೇ ನಡು ತಪ್ಪಿದೆ. ಕಪ್ಪು ಪರದೆನ ಬೇಡದ ಪಟ್ಟಿ ಅಂದ್ಕೊಂಡು ಸಾಫ್ಟ್‌ವೇರ್ ತಾನೇ ಕತ್ತರಿಸಿದೆ. ಈ ಗಿಣಿ ಕತ್ತರಿ ನಿಲ್ಲಿಸದೆ ಯಾವತ್ತಾದ್ರೂ ಫೈಲ್ ಮುಟ್ಟಿದಾಳಾ ವೈರಣ್ಣ?"

ವೈರಣ್ಣ ಇಲ್ಲವೆಂದ. ಕಾವಲುಗಾರ ಮಾಯವಾದ ಮೇಲೆ ಅವಳಿಗೆ ಅದೊಂದು ಗೀಳೇ ಆಗಿದೆ ಅಂದ. ಎದ್ದು ಗೋಡೆಯ ಬಳಿ ಹೋಗಿ ನೋಡಿ, ಇಷ್ಟು ದಿನ ದೀಪ ಕಟ್ಟಿದ ತನ್ನ ಕಣ್ಣಿಗೆ ಇದು ಬೀಳಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡ.

ಹಾಗಾದರೆ ಗೋಡೆಯ ಮೇಲಿರುವುದು ಗಿಣಿ ಮಾಡಿದ ಫೈಲೇ ಅಲ್ಲ ಎಂದು ದೊಡ್ಡಮ್ಮ ಬಿಡಿಸಿ ಹೇಳಿದರು. ಅವಳದು ಮುಗಿದ ಮೇಲೆ ಬೇರೆ ಯಾರೋ ಮೂಲವನ್ನು ಮತ್ತೆ ತೆರೆದು, ಹೊಸದಾಗಿ ಮಾಡಿ, ಅದೇ ಹೆಸರಿನಲ್ಲಿ ಅವಳದರ ಮೇಲೆ ಕೂರಿಸಿದ್ದಾರೆ. ತೆರೆದು ಬರೀ ಸ್ಟಾರ್ಟ್ ಒತ್ತಿದರೆ ಒಂದನೆಯ ಟ್ರ್ಯಾಕ್ ಮಾತ್ರ ಉಳಿಯುತ್ತದೆ. ಅಂಚಿಗೆ ಕತ್ತರಿಯೂ ಬೀಳುತ್ತದೆ. ದನಿ ಹೋಗುವುದು ಆ ಮನುಷ್ಯರಿಗೆ ಬೇಕಾಗಿತ್ತು. ಪರದೆ ಹೋಗುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ವೈರಣ್ಣನಾದರೆ ಪರದೆ ಹೋಗಗೊಡುತ್ತಿರಲಿಲ್ಲ. ಮೇಷ್ಟ್ರಾದರೆ ಕಂಪ್ಯೂಟರ್ ಆನ್ ಮಾಡುವುದರಲ್ಲೇ ಬೆಳಗಾಗುತ್ತಿತ್ತು. ಅಂದರೆ ಇದು ಅರ್ಧ ಮಾತ್ರ ಕಲಿತವರ ಕೆಲಸ. ಇಷ್ಟು ಹೇಳುವಾಗಲೂ ದೊಡ್ಡಮ್ಮ ಯಾರ ಕಡೆಗೂ ನೋಡಲಿಲ್ಲ. ಕೋಣೆಯ ಮಿಕ್ಕ ಕಣ್ಣುಗಳು ಮಾತ್ರ ಒಂದೊಂದಾಗಿ ಪಿಸುಮಾಮನ ಕಡೆ ಹೊರಳಿದವು.

"ಇನ್ನೊಂದು ಮಾತು," ಅಂದರು ದೊಡ್ಡಮ್ಮ. "ದ್ವೇಷ ಇದ್ದೋರು ಎಲ್ಲಾನೂ ಅಳಿಸಿ ಹೋಗ್ತಿದ್ರು. ಇವರು ಕೂತು ಹೊಸದಾಗಿ ಮಾಡಿ ಚಿತ್ರನ ಉಳಿಸಿದಾರೆ. ರಾಣಿಯಮ್ಮನ್ನ ಜನ ನೋಡ್ಬೇಕು, ಆದ್ರೆ ಆ ಟ್ರ್ಯಾಕ್‌ನ ಕೇಳಬಾರ್ದು ಅಂತ. ಅಷ್ಟು ಪ್ರೀತಿ ಇರೋರು ಮೂಲನ ಹಾಳು ಮಾಡಲ್ಲ. ಎಲ್ಲೋ ಜೋಪಾನವಾಗಿ ಇಟ್ಟಿರ್ತಾರೆ. ಹೊಸ ಕನ್ನಡಕನ ಬೀದಿಪಾಲು ಮಾಡಿ, ಅದರ ಡಬ್ಬಿನ ಇನ್ನೊಂದಕ್ಕೆ ಮನೆ ಮಾಡಿರ್ತಾರೆ."

ಪಿಸುಮಾಮ ಪಕ್ಕದ ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಳಗೆ ಒರೆಸುವ ಬಟ್ಟೆಯಲ್ಲಿ ಸುತ್ತಿದ ಪೆನ್‌ಡ್ರೈವ್ ಇತ್ತು. ಅಕ್ಕ ಕೊಟ್ಟ ಬಟ್ಟೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

"ಕೈತಪ್ಪಿ ಆಯ್ತು," ಅಂದರು. "ಗಿಣಿದೇನೂ ತಪ್ಪಿಲ್ಲ. ನನ್ನನ್ನ ಬೈರಿ."

ಕೈತಪ್ಪಿ ಮಾಡಿದವರು ಬಚ್ಚಿಡುವುದೇಕೆ ಎಂದು ಮೇಷ್ಟ್ರು ದನಿ ಏರಿಸಿದರು. ಪಿಸುಮಾಮ ಕೈತಪ್ಪಿತು ಎಂದು ಅದನ್ನೇ ಮತ್ತೆ ಹೇಳಿದರು. ಮೇಷ್ಟ್ರು ದೊಡ್ಡಮ್ಮನ ಕಡೆ ತಿರುಗಿದರು. ದೊಡ್ಡಮ್ಮ ತಲೆಯಾಡಿಸಿ, ಕಾರಣ ನನಗೆ ಗೊತ್ತಿದೆ, ಆದರೆ ಅದನ್ನು ಹೇಳುವ ಹಕ್ಕು ನನಗಿಲ್ಲ ಅಂದರು. ಬಂದದ್ದು ಗಿಣಿಯ ತಲೆಯ ಮೇಲಿನ ಮಾತನ್ನು ಇಳಿಸುವುದಕ್ಕೆ, ಅದು ಇಳಿಯಿತು ಎಂದು ಎದ್ದರು.

ಆಗ ರಾಣಿಯಮ್ಮ ಕೈ ಚಾಚಿ ಗಿಣಿಯ ಕುತ್ತಿಗೆ ಬಳಸಿ ಹತ್ತಿರ ಎಳೆದುಕೊಂಡರು. ಮೊದಲು ಅವಳ ತಲೆಯ ಮೇಲೆ ಒಂದು ಕ್ಷಣ ಗಲ್ಲ ಊರಿದರು. ಆಮೇಲೆ ಪಿಸುಗುಟ್ಟತೊಡಗಿದರು. ಗಿಣಿ ಕೇಳಿದ್ದನ್ನು ಕೇಳಿದಂತೆ ಹೇಳುತ್ತ ಹೋದಳು. ಪಿಸುಮಾಮ ಬೇಡವೆಂದು ಕೈ ಎತ್ತಿದರು, ರಾಣಿಯಮ್ಮ ಹುಬ್ಬು ಎತ್ತಿದರು, ಕೈ ಕೆಳಗಿಳಿಯಿತು.

"ಕೊನೆ ಎರಡು ವರ್ಷ ನನಗೆ ಮಾತು ನೆನಪಿರ್ತಿರ್ಲಿಲ್ಲ. ಒಂದು ಸಾಲೂ ಇಲ್ಲ. ಯಾವತ್ತೂ ಪಿಸುಮಾತು ತಗೊಳ್ಳದ ರಾಣಿ ಅಂತ ನೀವೆಲ್ಲ ಮೆರೆಸಿದ್ರಿ. ಪ್ರತಿ ಸಾಲೂ ಇವ್ರೇ ಕೊಟ್ಟಿದ್ದು. ಆ ಟ್ರ್ಯಾಕ್‌ನಲ್ಲಿ ಅದು ಕೇಳುತ್ತೆ. ಮೊದಲು ಇವರು, ಆಮೇಲೆ ನಾನು. ಜನರ ಮುಂದೆ ನನ್ನ ಮಾನ ಹೋಗುತ್ತೆ ಅಂತ ಇವರು ಅದನ್ನ ಬಚ್ಚಿಟ್ರು."

ತಾನು ಹೇಳುತ್ತಿರುವುದು ಯಾರ ಏರಿಳಿತದಲ್ಲಿ ಎಂದು ಗಿಣಿಗೆ ಅರಿವೇ ಇರಲಿಲ್ಲ. ಮಾತು ಬಿದ್ದುಹೋಗಿದ್ದ ಆ ದನಿ ಅವಳ ಬಾಯಲ್ಲಿ ಎದ್ದು ನಿಂತಿತ್ತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಿನ್ನೆ ಈ ಅಮ್ಮ ಏನು ಕೇಳ್ಬೇಕು ಅಂತಿದ್ರಿ ಅಂದ್ರು. ನಾನು ಹೇಳಿದ್ದನ್ನ ಇವರು ನುಂಗಿಬಿಟ್ರು. ಈಗ ಹೇಳ್ತೀನಿ. ನನ್ನ ದನಿನ ನಾನು ಬೇಕಾದಷ್ಟು ಕೇಳಿದೀನಿ. ನನಗೆ ಇವರ ದನಿ ಕೇಳ್ಬೇಕಿತ್ತು. ಇಷ್ಟು ವರ್ಷ ಪರದೆ ಹಿಂದಿನಿಂದ ನನಗೊಬ್ಬಳಿಗೆ ಮಾತಾಡಿದಾರೆ, ಅದನ್ನ ಯಾರೂ ಹಿಡಿದಿಟ್ಟಿಲ್ಲ. ನನ್ನ ಗಂಟಲು ಹೋಗುತ್ತೆ ಅಂತ ಡಾಕ್ಟ್ರು ಹೇಳಿದ ದಿನವೇ ಅಂದ್ಕೊಂಡೆ, ಇಬ್ರ ದನಿನೂ ಒಂದು ಸಲ ಜೊತೆಗೆ ಇರ್ಲಿ ಅಂತ. ಅದಕ್ಕೇ ವೈರಣ್ಣನ ಹತ್ರ ಜಗಳ ಆಡಿ ಆ ಕಂಬಕ್ಕೆ ಮೈಕ್ ಕಟ್ಟಿಸಿದ್ದು."

ಕೊನೆಯ ಸಾಲಿನಲ್ಲಿ ಗಿಣಿ ಅರ್ಧಕ್ಕೆ ನಿಂತಿದ್ದಳು. ಅದನ್ನು ಹೇಳಿ ಮುಗಿಸಲು 'ಕಟ್ಟಿಸಿದ್ದು' ಎಂಬ ಮಾತನ್ನು ಪಿಸುಮಾಮನೇ ಎದುರಿನಿಂದ ತುಟಿಯಲ್ಲಿ ಕೊಡಬೇಕಾಯಿತು, ಹಳೆಯ ಅಭ್ಯಾಸ. ಕೊಟ್ಟ ಮೇಲೆ ತಾನು ಏನು ಕೊಟ್ಟೆ ಎಂದು ಅವರಿಗೆ ತಿಳಿದು, ಮುಖ ಎರಡೂ ಕೈಯಲ್ಲಿ ಮುಚ್ಚಿಕೊಂಡರು.

ಮೇಷ್ಟ್ರು ಎದ್ದು ಗಿಣಿಯ ಮುಂದೆ ನಿಂತು, ನಿನ್ನ ಮೇಲೆ ತಪ್ಪು ಹೊರಿಸಿದೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ ಅಂದರು. ಇಷ್ಟು ಚಿಕ್ಕ ಮಾತನ್ನು ಅವರು ತಮ್ಮ ಜೀವನದಲ್ಲಿ ಆಡಿದ್ದೇ ಇಲ್ಲವೆಂದು ವೈರಣ್ಣ ಆಮೇಲೆ ಹೇಳಿದ. ಸಂಜೆಯೊಳಗೆ ಫೈಲು ಆಗಬೇಕಿತ್ತು. ಗಿಣಿ ಕಂಪ್ಯೂಟರಿನ ಮುಂದೆ ಕೂತಳು. ಪಿಸುಮಾಮ ಅವಳ ಪಕ್ಕ ಕುರ್ಚಿ ಎಳೆದುಕೊಂಡು, ಆ ಕತ್ತರಿ ನಿಲ್ಲಿಸುವುದು ಹೇಗೆ ತೋರಿಸು ಎಂದು ಕೇಳಿದರು. ಅವಳು ತೋರಿಸಿದಳು. ಈ ಸಲ ಎರಡನೆಯ ಟ್ರ್ಯಾಕನ್ನು ಅವರ ಕೈಯಿಂದಲೇ ಸೇರಿಸಿದಳು.

ಸಂಜೆ ಸಭಾಂಗಣ ತುಂಬಿತ್ತು. ಪರದೆಯ ಮೇಲೆ ರಾಣಿ ಬಂದಳು, ಬಾಯಿ ತೆರೆಯುವ ಮೊದಲೇ ಕತ್ತಲೊಳಗಿಂದ ಒಂದು ಮೆಲುದನಿ ಸಾಲನ್ನು ಹೇಳಿತು. ಅವಳು ಅದನ್ನೆತ್ತಿಕೊಂಡು ಗುಡುಗಿದಳು. ಜನ ಮೊದಲು ಪಿಸಪಿಸ ಎಂದರು. ಆಮೇಲೆ ಅದೂ ನಿಂತಿತು. ಮೆಲುದನಿ ಮುಂದೆ ಹೋಗುತ್ತಿತ್ತು, ದೊಡ್ಡ ದನಿ ಹಿಂದೆ ಬರುತ್ತಿತ್ತು, ಎಲ್ಲೂ ಒಂದಕ್ಕೊಂದು ತಪ್ಪಲಿಲ್ಲ. ಮುಂದಿನ ಸಾಲಿನಲ್ಲಿ ರಾಣಿಯಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ತಮ್ಮ ಚಿತ್ರವನ್ನು ಅವರು ಒಮ್ಮೆಯೂ ನೋಡಲಿಲ್ಲ.

ಅವರ ಪಕ್ಕ ಕೂತಿದ್ದ ಪಿಸುಮಾಮನಿಗೆ ಕೈಯನ್ನು ಎಲ್ಲಿ ಇಡಬೇಕೆಂದು ತೋಚುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವರು ನಾಟಕವನ್ನು ಎದುರಿನಿಂದ ಕಂಡದ್ದು ಇದೇ ಮೊದಲು. ರಾಣಿ ಕಪ್ಪು ಪರದೆಯನ್ನು ಕೈಯಿಂದ ಸರಿಸಿ ಒಳಗೆ ನಡೆದಾಗ, ಎಡ ಅಂಚಿನ ಕತ್ತಲಲ್ಲಿ ಮಸುಕಾಗಿ ಒಂದು ಕುರ್ಚಿಯ ಕಾಲು ಕಂಡಿತು. ಚಪ್ಪಾಳೆ ಎದ್ದಿತು. ಅವರೂ ಎಲ್ಲರಂತೆ ಚಪ್ಪಾಳೆ ತಟ್ಟತೊಡಗಿದರು; ಅರ್ಧಕ್ಕೆ ನಿಲ್ಲಿಸಿ, ಈ ಚಪ್ಪಾಳೆ ಯಾರಿಗೆ ಎಂಬಂತೆ ಹಿಂದೆ ತಿರುಗಿ ನೋಡಿದರು. ಜನರೆಲ್ಲ ಎದ್ದು ನಿಂತು ನೋಡುತ್ತಿದ್ದುದು ಅವರನ್ನೇ.

ಅಕ್ಕನಿಗೆ ಏನೂ ಕಾಣಿಸುತ್ತಿರಲಿಲ್ಲ. ಚೀಲದಲ್ಲಿ ಒರೆಸುವ ಬಟ್ಟೆಗೆ ತಡಕಾಡಿದಳು. ದೊಡ್ಡಮ್ಮ ತಮ್ಮ ಸೆರಗಿನ ತುದಿಯಿಂದ ಅವಳ ಕನ್ನಡಕ ಒರೆಸಿಕೊಟ್ಟರು. ಗೀರು ಬೀಳುತ್ತದೆ ಎಂದು ಅವಳು ಆವತ್ತು ಹೇಳಲಿಲ್ಲ.